ಮೂರನೆಯ ಪಿನ್ನನ್ನು ಕತ್ತರಿಸಬೇಡಿ

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಪ್ರಯೋಗಶಾಲೆಯನ್ನು ನೋಡುವ ಸಂದರ್ಭ ನನಗೆ ಒದಗಿತ್ತು. ಮೇಜುಗಳ ಮೇಲೆ ಹೊಸ ಆಸಿಲೋಸ್ಕೋಪುಗಳು ಸಾಲಾಗಿ ಕುಳಿತಿದ್ದುವು. ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಉಪಕರಣದ ಪ್ಲಗ್ಗಿಗೆ ಮಾತ್ರ ಮೂರರ ಬದಲು ಎರಡೇ ಪಿನ್ನುಗಳಿದ್ದುವು. ಮೇಲ್ಗಡೆಯ ದಪ್ಪ ಪಿನ್ನನ್ನು ಯಾರೋ ಗರಗಸದಿಂದ ಕೊಯ್ದು ತೆಗೆದಿದ್ದರು. ಕಾರಣವೇನೆಂದು ಕೇಳಿದೆ. ಅಲ್ಲಿದ್ದ ವಿದ್ಯಾರ್ಥಿ ಸ್ವಲ್ಪವೂ ಅಳುಕದೆ, “ಅದಿದ್ದರೆ ಫ್ಯೂಸು ಹೋಗುತ್ತದೆ, ಸಾರ್. ತೆಗೆದ ಮೇಲೆ ಏನೂ ತೊಂದರೆಯಿಲ್ಲ” ಎಂದ. ಆತ ಹೇಳಿದ್ದು ನಿಜವೇ. ಫ್ಯೂಸು ಹೋಗುವುದು ನಿಂತಿತ್ತು. ಆದರೆ ಫ್ಯೂಸು ಪ್ರತಿ ಸಲವೂ ಏನನ್ನು ಹೇಳುತ್ತಿತ್ತೆಂಬುದನ್ನು ವಿಚಾರಿಸಿದವರು ಯಾರೂ ಇರಲಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಸಿಲೋಸ್ಕೋಪನ್ನು ಕೊಳ್ಳುವಾಗ ನಾವು ತೋರುವ ಉತ್ಸಾಹದ ಹತ್ತರಲ್ಲೊಂದು ಪಾಲನ್ನೂ ಅದರ ಪ್ರೋಬನ್ನು ಆರಿಸುವಾಗ ತೋರುವುದಿಲ್ಲ. ಹೆಚ್ಚಿನ ವೋಲ್ಟೇಜನ್ನು ಅಳೆಯತಕ್ಕ ಕೆಲಸದಲ್ಲಿ ಈ ಉದಾಸೀನದ ಬೆಲೆಯನ್ನು ಉಪಕರಣ ತೆರುತ್ತದೆ, ಇಲ್ಲವೆ ಅದನ್ನು ಮುಟ್ಟಿದವನು ತೆರುತ್ತಾನೆ. ತಕ್ಕ ಪ್ರೋಬು ಇಲ್ಲದಿದ್ದರೆ ಆ ಅಳತೆಯನ್ನೇ ಮಾಡಬಾರದು. ಭೂಸಂಪರ್ಕದ ಪಿನ್ನನ್ನು ಕತ್ತರಿಸಿ ಪ್ರೋಬಿನ ಕೊರತೆಯನ್ನು ನೀಗಿಕೊಳ್ಳುವ ಪದ್ಧತಿಯನ್ನು ನಮ್ಮ ಪ್ರಯೋಗಶಾಲೆಗಳು ಅಪರಾಧವೆಂದೇ ಎಣಿಸತಕ್ಕದ್ದು.

ಆಸಿಲೋಸ್ಕೋಪು ಕಾಲದೊಡನೆ ವೋಲ್ಟೇಜು ಹೇಗೆ ಏರಿಳಿಯುವುದೆಂಬುದನ್ನು ಪರದೆಯ ಮೇಲೆ ರೇಖೆಯಾಗಿ ಬರೆದು ತೋರಿಸುವ ಯಂತ್ರ. ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್ ೧೮೯೭ರಲ್ಲಿ ರಚಿಸಿದ ಕ್ಯಾಥೋಡ್ ಕಿರಣದ ನಳಿಗೆಯಿಂದ ಇದರ ವಂಶ ಬೆಳೆದು ಬಂದಿದೆ. ಅಳೆಯಬೇಕಾದ ಮಂಡಲಕ್ಕೂ ಈ ಯಂತ್ರಕ್ಕೂ ನಡುವೆ ಇರುವುದೇ ಪ್ರೋಬು. ನೋಡುವುದಕ್ಕೆ ಅದು ತುದಿಯಲ್ಲಿ ಮೊನೆಯುಳ್ಳ ಒಂದು ತಂತಿ. ಆದರೆ ಅದರ ಹೊಟ್ಟೆಯಲ್ಲಿ ವಿಚಾರವುಂಟು. ಸಾಮಾನ್ಯ ಆಸಿಲೋಸ್ಕೋಪಿನ ಪ್ರವೇಶ ರೋಧ ಹತ್ತು ಲಕ್ಷ ಓಮ್, ಅಂದರೆ ಒಂದು ಮೆಗಾ ಓಮ್. ಪ್ರೋಬಿನಲ್ಲಿ ಒಂಬತ್ತು ಮೆಗಾ ಓಮ್‌ಗಳ ರೋಧಕವನ್ನು ಸೇರಿಸಿದರೆ ಎರಡೂ ಕೂಡಿ ಹತ್ತಾಗುತ್ತವೆ. ಮೊನೆಗೆ ಬಂದ ವೋಲ್ಟೇಜಿನ ಹತ್ತನೆಯ ಒಂದು ಭಾಗ ಮಾತ್ರ ಯಂತ್ರವನ್ನು ಸೇರುತ್ತದೆ. ಇದನ್ನೇ ಹತ್ತರ ಪ್ರೋಬು ಎನ್ನುವುದು. ನೂರರ ಪ್ರೋಬು, ಸಾವಿರದ ಪ್ರೋಬು ಎಂಬುವೂ ಇದೇ ತತ್ತ್ವದ ಮೇಲೆ ನಿಂತಿವೆ.

ಮೊನೆಯ ವಿಚಾರವನ್ನು ಎಲ್ಲರೂ ಬಲ್ಲರು. ಮರೆತುಹೋಗುವುದು ಪ್ರೋಬಿನ ಇನ್ನೊಂದು ಕೈ. ಅದರ ಪಕ್ಕದಿಂದ ಹೊರಡುವ ಗಿಡ್ಡ ತಂತಿಯ ತುದಿಯಲ್ಲಿ ಒಂದು ಮೊಸಳೆ ಕ್ಲಿಪ್ ಇರುತ್ತದೆ. ಈ ಕ್ಲಿಪ್ಪಿಗೂ ಯಂತ್ರಕ್ಕೂ ನಡುವೆ ಯಾವ ರೋಧವೂ ಇಲ್ಲ. ಕ್ಲಿಪ್ಪು ಪ್ರೋಬಿನ ಹೊರಕವಚಕ್ಕೆ, ಕವಚ ಯಂತ್ರದ ಲೋಹದ ಚೌಕಟ್ಟಿಗೆ, ಚೌಕಟ್ಟು ಪ್ಲಗ್ಗಿನ ಮೂರನೆಯ ಪಿನ್ನಿಗೆ, ಆ ಪಿನ್ನು ಗೋಡೆಯೊಳಗಿನ ತಂತಿಯ ಮೂಲಕ ನೆಲದಲ್ಲಿ ಹುಗಿದ ತಗಡಿಗೋ ಕೊಳವೆಗೋ ನೇರವಾಗಿ ಸೇರಿರುತ್ತವೆ. ಕ್ಲಿಪ್ಪನ್ನು ಮಂಡಲದ ಒಂದು ಬಿಂದುವಿಗೆ ಕಚ್ಚಿಸುವುದೆಂದರೆ ಆ ಬಿಂದುವನ್ನು ಭೂಮಿಗೆ ಕಟ್ಟಿದಂತೆಯೇ. ಯಂತ್ರಕ್ಕೆ ಎರಡು ಅಥವಾ ನಾಲ್ಕು ಪ್ರೋಬುಗಳಿದ್ದರೆ ಅವುಗಳ ಕ್ಲಿಪ್ಪುಗಳೆಲ್ಲವೂ ಒಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ ಎಂಬುದೂ ನೆನಪಿನಲ್ಲಿರಬೇಕು.

ಇಷ್ಟನ್ನು ತಿಳಿದ ಮೇಲೆ, ಈಗ ಅನೇಕ ಅಡುಗೆಮನೆಗಳಲ್ಲಿರುವ ಇಂಡಕ್ಷನ್ ಒಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಿದ್ಯಾರ್ಥಿಗಳು ಬಿಚ್ಚಿ ನೋಡಲು ಹಂಬಲಿಸುವ ಯಂತ್ರಗಳಲ್ಲಿ ಇದೂ ಒಂದು. ಮನೆಯ ವಿದ್ಯುತ್ತು ೨೩೦ ವೋಲ್ಟು, ೫೦ ಹರ್ಟ್ಸ್. ಆದರೆ ೨೩೦ ಎಂಬುದು ಪರಿಣಾಮಕಾರಿ ಬೆಲೆ ಮಾತ್ರ. ಅಲೆಯ ಶಿಖರ ಸುಮಾರು ೩೨೫ ವೋಲ್ಟು. ಒಲೆಯೊಳಗೆ ನಾಲ್ಕು ಡಯೋಡುಗಳ ಸೇತುವೆ ಈ ವಿದ್ಯುತ್ತನ್ನು ಏಕಮುಖ ಮಾಡುತ್ತದೆ. ಅಲ್ಲಿಂದ ಮುಂದೆ ಒಂದು ಶಕ್ತಿಯುತ ಟ್ರಾನ್ಸಿಸ್ಟರು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಸುರುಳಿಯ ಪ್ರವಾಹವನ್ನು ಕೂಡಿಸಿ ಕಡಿಯುತ್ತದೆ. ಒಂದೇ ಟ್ರಾನ್ಸಿಸ್ಟರಿನ ಒಲೆಗಳಲ್ಲಿ ಸುರುಳಿಯೂ ಧಾರಕವೂ ಅನುರಣಿಸುವಾಗ ಅದರ ಮೇಲೆ ಬೀಳುವ ವೋಲ್ಟೇಜು ಸಾವಿರದ ಸಮೀಪಕ್ಕೆ ಹೋಗಬಲ್ಲದು. ಆದುದರಿಂದಲೇ ಅಲ್ಲಿ ೧೨೦೦ ವೋಲ್ಟು ತಾಳಬಲ್ಲ ಟ್ರಾನ್ಸಿಸ್ಟರುಗಳನ್ನು ಬಳಸುತ್ತಾರೆ.

ವಿದ್ಯಾರ್ಥಿ ಈ ಅಲೆಯನ್ನು ನೋಡಬಯಸುತ್ತಾನೆನ್ನಿ. ಪುಸ್ತಕದಲ್ಲಿ ಸೇತುವೆಯ ಋಣ ತುದಿಗೆ ‘ಗ್ರೌಂಡ್’ ಎಂದು ಬರೆದಿದೆ. ಅವನು ಕ್ಲಿಪ್ಪನ್ನು ಅಲ್ಲಿಗೆ ಕಚ್ಚಿಸುತ್ತಾನೆ. ಆದರೆ ಆ ತುದಿ ಭೂಮಿಯಲ್ಲ. ಫೇಸ್ ತಂತಿ ಋಣವಾಗುವ ಪ್ರತಿಯೊಂದು ಅರ್ಧ ಆವರ್ತದಲ್ಲಿಯೂ ಡಯೋಡಿನ ಮೂಲಕ ಅದು ಫೇಸಿಗೆ ಕೂಡಿಕೊಂಡು ಭೂಮಿಗಿಂತ ೩೨೫ ವೋಲ್ಟುಗಳಷ್ಟು ಕೆಳಗೆ ಇಳಿಯುತ್ತದೆ. ಅದನ್ನು ಕ್ಲಿಪ್ಪಿನಿಂದ ಭೂಮಿಗೆ ಕಟ್ಟಿದರೆ ಫೇಸಿಗೂ ಭೂಮಿಗೂ ನಡುವೆ ಒಂದು ಡಯೋಡು ಮಾತ್ರ ಉಳಿಯುತ್ತದೆ. ಕಿಡಿ ಹಾರುತ್ತದೆ, ಡಯೋಡು ಸುಡುತ್ತದೆ, ಕ್ಲಿಪ್ಪಿನ ಹಲ್ಲು ಕರಗುತ್ತದೆ, ಫ್ಯೂಸು ಹೋಗುತ್ತದೆ. ಇಂಥ ಅನೇಕ ಒಲೆಗಳಲ್ಲಿ ಗುಂಡಿಗಳನ್ನೂ ಅಂಕಿಗಳ ದೀಪವನ್ನೂ ನಡೆಸುವ ಐದು ವೋಲ್ಟಿನ ಮಂಡಲ ಕೂಡ ಇದೇ ಋಣ ತುದಿಯ ಮೇಲೆಯೇ ಕುಳಿತಿರುತ್ತದೆ. “ಐದೇ ವೋಲ್ಟು ತಾನೆ” ಎಂದು ಕ್ಲಿಪ್ಪನ್ನು ಅಲ್ಲಿಗೆ ಸಿಕ್ಕಿಸಿದವನಿಗೂ ಇದೇ ಗತಿ. ಎಷ್ಟು ವೋಲ್ಟು ಎಂಬ ಪ್ರಶ್ನೆಗಿಂತ, ಯಾವ ಎರಡು ಬಿಂದುಗಳ ನಡುವೆ ಎಂಬುದೂ, ಅವೆರಡೂ ಭೂಮಿಯಿಂದ ಎಷ್ಟು ದೂರದಲ್ಲಿವೆ ಎಂಬುದೂ ಮೊದಲು ಕೇಳಬೇಕಾದ ಪ್ರಶ್ನೆಗಳು.

ಇಲ್ಲಿಯೇ ಗರಗಸ ರಂಗಕ್ಕೆ ಬರುವುದು. ಮೂರನೆಯ ಪಿನ್ನನ್ನು ತೆಗೆದರೆ ಫೇಸಿನಿಂದ ಭೂಮಿಗೆ ದಾರಿಯಿಲ್ಲ. ಫ್ಯೂಸು ಉಳಿಯುತ್ತದೆ, ಅಲೆಯೂ ಪರದೆಯ ಮೇಲೆ ಅಂದವಾಗಿ ಮೂಡುತ್ತದೆ. ಆದರೆ ಕ್ಲಿಪ್ಪು ಮುಟ್ಟಿದ ಬಿಂದು ಯಾವ ವೋಲ್ಟೇಜಿನಲ್ಲಿದೆಯೋ ಯಂತ್ರದ ಚೌಕಟ್ಟೆಲ್ಲವೂ ಈಗ ಅದೇ ವೋಲ್ಟೇಜಿನಲ್ಲಿದೆ. ಹೊರಮೈ ಪ್ಲಾಸ್ಟಿಕ್ಕಿನದೆಂದು ನಂಬುವಂತಿಲ್ಲ. ಪ್ರೋಬು ಸಿಕ್ಕಿಸುವ ಲೋಹದ ಬಳೆಗಳು, ಯು.ಎಸ್.ಬಿ. ಬಾಯಿ, ಎರಡನೆಯ ಪ್ರೋಬಿನ ಕ್ಲಿಪ್ಪು ಇವೆಲ್ಲವೂ ಚೌಕಟ್ಟಿನ ಅಂಗಗಳೇ. ಒಂದು ಕೈ ಅವುಗಳಲ್ಲೊಂದನ್ನೂ ಇನ್ನೊಂದು ಕೈ ಪಕ್ಕದ ಭೂಸಂಪರ್ಕವುಳ್ಳ ಉಪಕರಣವನ್ನೂ ಮುಟ್ಟಿದರೆ ಪ್ರವಾಹ ಎದೆಯ ಮೂಲಕ ಹಾಯುತ್ತದೆ. ಮನೆಯ ವಿದ್ಯುತ್ತಿನ ವೋಲ್ಟೇಜಿನಲ್ಲಿ ದೇಹದ ರೋಧ ಒಂದೆರಡು ಸಾವಿರ ಓಮ್ ಮಾತ್ರ. ಲೆಕ್ಕ ಹಾಕಿದರೆ ನೂರು ಮಿಲಿ ಆಂಪಿಯರಿಗೂ ಮೀರಿದ ಪ್ರವಾಹ. ಹತ್ತು ಮಿಲಿ ಆಂಪಿಯರಿನ ಆಸುಪಾಸಿನಲ್ಲಿಯೇ ಹಿಡಿದ ಕೈ ಬಿಡಲಾಗದಂತೆ ಸ್ನಾಯುಗಳು ಬಿಗಿಯುತ್ತವೆ. ನೂರು ಮಿಲಿ ಆಂಪಿಯರು ಹೃದಯದ ಲಯವನ್ನೇ ಕೆಡಿಸಬಲ್ಲದು. ಕಾಯಬೇಕಾದ ಉಪಕರಣವೇ ಕೊಲ್ಲತಕ್ಕ ವಸ್ತುವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಈ ಪದ್ಧತಿಯ ಪರವಾಗಿ ಹೇಳುವವರಿಲ್ಲದೆ ಇಲ್ಲ. ಅವರ ಮಾತುಗಳನ್ನು ಒಂದೊಂದಾಗಿ ನೋಡುವುದು ನ್ಯಾಯ. “ನಮ್ಮ ಹಿರಿಯರು ಹೀಗೆಯೇ ಮಾಡುತ್ತಿದ್ದರು, ಏನೂ ಆಗಲಿಲ್ಲ” ಎಂಬುದು ಮೊದಲನೆಯದು. ಏನಾದರೂ ಆದವರು ಈ ಮಾತನ್ನು ಹೇಳಲು ಉಳಿದಿರುವುದಿಲ್ಲ ಎಂದಷ್ಟೇ ಅದಕ್ಕೆ ಉತ್ತರ. “ಆರ್.ಸಿ.ಸಿ.ಬಿ. ಇದೆ, ಅದು ಕಾಪಾಡುತ್ತದೆ” ಎಂಬುದು ಎರಡನೆಯದು. ಮೂವತ್ತು ಮಿಲಿ ಆಂಪಿಯರು ಸೋರಿದಾಗ ವಿದ್ಯುತ್ತನ್ನು ಕಡಿಯುವ ಈ ಸಾಧನ ಬಹಳ ಒಳ್ಳೆಯದು. ಎಲ್ಲ ಕಡೆಯೂ ಇರತಕ್ಕದ್ದು. ಆದರೆ ಭೂಸಂಪರ್ಕವಿಲ್ಲದ ಯಂತ್ರದಿಂದ ಸೋರುವ ಪ್ರವಾಹಕ್ಕೆ ಮನುಷ್ಯನ ದೇಹವೇ ಮೊದಲನೆಯ ದಾರಿ. ಆ ಸಾಧನ ಎಚ್ಚರಗೊಳ್ಳುವುದು ನಿಮ್ಮನ್ನು ಮುಟ್ಟಿದ ಬಳಿಕವೇ. ಕೊನೆಯ ಕಾವಲುಗಾರನನ್ನು ಮೊದಲನೆಯವನನ್ನಾಗಿ ಮಾಡಿಕೊಳ್ಳುವುದು ವಿವೇಕವಲ್ಲ.

ಮೂರನೆಯ ವಾದದಲ್ಲಿ ಸತ್ಯಾಂಶವುಂಟು. “ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರನ್ನು, ಅಂದರೆ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು, ಬಳಸಬಹುದಲ್ಲ?” ಬಳಸಬಹುದು, ಆದರೆ ಆಸಿಲೋಸ್ಕೋಪಿಗಲ್ಲ, ಪರೀಕ್ಷೆಗೆ ಒಳಗಾದ ಒಲೆಗೆ. ಹಾಗೆ ಮಾಡಿದಾಗ ಒಲೆಯ ಮಂಡಲಕ್ಕೆ ಭೂಮಿಯ ನಂಟು ತಪ್ಪುತ್ತದೆ. ಕ್ಲಿಪ್ಪನ್ನು ಒಂದು ಬಿಂದುವಿಗೆ ಕಚ್ಚಿಸಿದರೆ ಫ್ಯೂಸು ಹೋಗದು, ಯಂತ್ರದ ಚೌಕಟ್ಟೂ ಭೂಮಿಯಲ್ಲಿಯೇ ಇರುತ್ತದೆ. ಆದರೆ ಕಚ್ಚಿಸಿದ ಕ್ಷಣದಿಂದ ಆ ಮಂಡಲಕ್ಕೆ ಭೂಮಿಯ ನಂಟು ಮರಳಿ ಬಂತು. ಅದರ ಉಳಿದ ಭಾಗಗಳೆಲ್ಲವೂ ಮುಟ್ಟಿದರೆ ಹೊಡೆಯುವಂಥವೇ. ಟ್ರಾನ್ಸ್‌ಫಾರ್ಮರಿನ ಆಚೆಗೆ ಆರ್.ಸಿ.ಸಿ.ಬಿ. ಕೆಲಸ ಮಾಡುವುದಿಲ್ಲವೆಂಬುದನ್ನೂ ಮರೆಯಲಾಗದು. ಇದು ಬಲ್ಲವರ ಕೈಯ ಉಪಾಯ, ಕಲಿಯುವವರ ಕೈಯದಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ತಕ್ಕ ಪ್ರೋಬು. ಅದನ್ನು ಆರಿಸುವ ಕ್ರಮವನ್ನು ಈಗ ನೋಡೋಣ. ಅಳೆಯತಕ್ಕ ಎರಡು ಬಿಂದುಗಳಲ್ಲಿ ಒಂದು ನಿಜವಾಗಿಯೂ ಭೂಮಿಗೆ ಕೂಡಿದ್ದರೆ ಸಾಧಾರಣ ಪ್ರೋಬಿನ ವರ್ಗದಲ್ಲಿಯೇ ಆಯ್ಕೆ ಮಾಡಬಹುದು. ಹತ್ತರ ಪ್ರೋಬುಗಳಲ್ಲಿ ಕೆಲವಕ್ಕೆ ೩೦೦ ವೋಲ್ಟು ಪರಿಣಾಮಕಾರಿ ಬೆಲೆಯ ಮಿತಿ, ಕೆಲವಕ್ಕೆ ೬೦೦ ವೋಲ್ಟು ಶಿಖರದ ಮಿತಿ. ಮಿತಿಯನ್ನು ಓದುವಾಗ ಅದು ಪರಿಣಾಮಕಾರಿ ಬೆಲೆಯೋ ಶಿಖರವೋ ಎಂಬುದನ್ನು ನೋಡಿಕೊಳ್ಳಬೇಕು. ಸಾವಿರದ ಸಮೀಪದ ವೋಲ್ಟೇಜಿಗೆ ಇವೆರಡೂ ಸಾಲವು. ಅಲ್ಲಿ ನೂರರ ಪ್ರೋಬು ಬೇಕು. ಹತ್ತು ಸಾವಿರಗಳ ಲೆಕ್ಕಕ್ಕೆ ಸಾವಿರದ ಪ್ರೋಬೇ ಬೇಕು. ಟೆಕ್ಟ್ರಾನಿಕ್ಸ್ ಸಂಸ್ಥೆಯ ಪಿ ೬೦೧೫ ಎ ಎಂಬ ಪ್ರಸಿದ್ಧ ಪ್ರೋಬು ಈ ಜಾತಿಯದು: ಅದರ ರೋಧ ನೂರು ಮೆಗಾ ಓಮ್, ಮಿತಿ ಏಕಮುಖ ವಿದ್ಯುತ್ತಿನಲ್ಲಿ ೨೦,೦೦೦ ವೋಲ್ಟು. ಕೆಲವು ಹತ್ತರ ಪ್ರೋಬುಗಳಲ್ಲಿ ಒಂದು ಪುಟ್ಟ ಜಾರುಗುಂಡಿಯಿರುತ್ತದೆ; ಅದು ಅರಿಯದೆ ‘ಒಂದರ’ ಸ್ಥಾನಕ್ಕೆ ಸರಿದರೆ ಒಂಬತ್ತು ಮೆಗಾ ಓಮ್ ದಾರಿಯಿಂದ ತೊಲಗಿ, ವೋಲ್ಟೇಜು ಇಡಿಯಾಗಿ ಯಂತ್ರದ ಮೇಲೆ ಬೀಳುತ್ತದೆ. ಹೆಚ್ಚಿನ ವೋಲ್ಟೇಜಿನ ಮೇಜಿನ ಮೇಲೆ ಇಂಥ ಪ್ರೋಬಿಗೆ ಸ್ಥಳವಿಲ್ಲ.

ಪ್ರೋಬಿನ ಮೈಮೇಲೆ ಮುದ್ರಿಸಿದ ಅಂಕಿಯೇ ಕೊನೆಯ ಮಾತಲ್ಲ. ಅದು ಕಡಿಮೆ ಆವೃತ್ತಿಗೆ ಮಾತ್ರ ಸಲ್ಲುತ್ತದೆ. ಆವೃತ್ತಿ ಏರಿದಂತೆ ಮಿತಿ ಇಳಿಯುತ್ತದೆ. ಕಾರಣವನ್ನು ಪಿ.ಯು.ಸಿ. ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ಹತ್ತರ ಪ್ರೋಬಿನ ಮೊನೆಯ ಧಾರಣಶಕ್ತಿ ಸುಮಾರು ೧೦ ಪಿಕೋಫ್ಯಾರಡ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಒಂದು ಕೋಟಿ ಆವರ್ತಗಳಲ್ಲಿ, ಅಂದರೆ ೧೦ ಮೆಗಾಹರ್ಟ್ಸ್‌ನಲ್ಲಿ, ಆ ಧಾರಕ ಒಡ್ಡುವ ತಡೆ ಸುಮಾರು ೧,೬೦೦ ಓಮ್ ಮಾತ್ರ. ಅಲ್ಲಿ ೬೦೦ ವೋಲ್ಟು ಹಚ್ಚಿದರೆ ೦.೪ ಆಂಪಿಯರಿನ ಸಮೀಪದ ಪ್ರವಾಹ ಆ ಸಣ್ಣ ಮೊನೆಯಲ್ಲಿ ಹರಿಯಬೇಕು. ಹತ್ತು ಮೆಗಾ ಓಮ್ ಎಂದು ನಂಬಿದ ಪ್ರೋಬು ಬೆಂದುಹೋಗುವುದರಲ್ಲಿ ಆಶ್ಚರ್ಯವೇನು? ಆವೃತ್ತಿಗೆ ತಕ್ಕಂತೆ ಮಿತಿ ಇಳಿಯುವುದನ್ನು ತೋರಿಸುವ ನಕ್ಷೆಯನ್ನು ಒಳ್ಳೆಯ ತಯಾರಕರು ಪ್ರೋಬಿನ ಕೈಪಿಡಿಯಲ್ಲಿ ಕೊಡುತ್ತಾರೆ. ನಕ್ಷೆಯಿಲ್ಲದ ಪ್ರೋಬನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಿ.

ಮತ್ತೊಂದು ಗುರುತನ್ನೂ ಓದಲು ಕಲಿಯಬೇಕು. ಅಳತೆಯ ಉಪಕರಣಗಳ ಸುರಕ್ಷಿತತೆಗಾಗಿ ಐ.ಇ.ಸಿ. ೬೧೦೧೦ ಎಂಬ ಅಂತರರಾಷ್ಟ್ರೀಯ ಮಾನಕವಿದೆ. ಅದು ವಿದ್ಯುತ್ತಿನ ಸ್ಥಳಗಳನ್ನು ವರ್ಗಗಳಾಗಿ ವಿಂಗಡಿಸುತ್ತದೆ: ಗೋಡೆಯ ಸಾಕೆಟ್ಟಿನಿಂದ ನಡೆಯುವ ಯಂತ್ರಗಳು ಎರಡನೆಯ ವರ್ಗ, ಕಟ್ಟಡದ ಹಂಚಿಕೆಯ ಹಲಗೆ ಮೂರನೆಯದು, ಹೊರಗಿನಿಂದ ವಿದ್ಯುತ್ತು ಬಂದು ಸೇರುವ ಮೂಲ ನಾಲ್ಕನೆಯದು. ಮೂಲಕ್ಕೆ ಹತ್ತಿರವಾದಷ್ಟೂ ಸಿಡಿಲಿನಿಂದಲೂ ಸ್ವಿಚ್ಚುಗಳಿಂದಲೂ ಹುಟ್ಟುವ ಕ್ಷಣಿಕ ಆಘಾತಗಳು ಉಗ್ರವಾಗಿರುತ್ತವೆ. ೩೦೦ ವೋಲ್ಟಿನ ಎರಡನೆಯ ವರ್ಗದ ಉಪಕರಣ ೨,೫೦೦ ವೋಲ್ಟುಗಳ ಆಘಾತವನ್ನು ತಾಳಬೇಕು. ೬೦೦ ವೋಲ್ಟಿನ ಮೂರನೆಯ ವರ್ಗದ್ದಾದರೆ ೬,೦೦೦ ವೋಲ್ಟುಗಳನ್ನು. ಯಾವ ವರ್ಗವನ್ನೂ ಹೇಳದ ಪ್ರೋಬನ್ನು ಮನೆಯ ವಿದ್ಯುತ್ತಿಗೆ ನೇರವಾಗಿ ಮುಟ್ಟಿಸಬಾರದು.

ಮಲ್ಟಿಮೀಟರಿಗೆಂದು ಮಾಡಿದ ಹೆಚ್ಚು ವೋಲ್ಟೇಜಿನ ಪ್ರೋಬನ್ನು ಆಸಿಲೋಸ್ಕೋಪಿಗೆ ಸಿಕ್ಕಿಸುವ ಅಭ್ಯಾಸವೂ ಕೆಲವರಲ್ಲುಂಟು. ಮೀಟರಿನ ಪ್ರವೇಶ ರೋಧ ಸಾಮಾನ್ಯವಾಗಿ ಹತ್ತು ಮೆಗಾ ಓಮ್, ಆಸಿಲೋಸ್ಕೋಪಿನದು ಒಂದು. ಹತ್ತಕ್ಕೆಂದು ಲೆಕ್ಕ ಹಾಕಿದ ಪ್ರೋಬು ಒಂದಕ್ಕೆ ಕೂಡಿದಾಗ ಅಳತೆ ಸುಮಾರು ಅರ್ಧಕ್ಕೆ ಇಳಿಯುವುದುಂಟು: ಹತ್ತು ಸಾವಿರ ವೋಲ್ಟು ಐದು ಸಾವಿರವೆಂದು ತೋರುತ್ತದೆ. ಅಪಾಯವನ್ನು ಕಡಿಮೆಯೆಂದು ಹೇಳುವ ತಪ್ಪಿಗಿಂತ ಕೆಟ್ಟ ತಪ್ಪಿಲ್ಲ. ರೋಧಕಗಳನ್ನು ತಾವೇ ಪೋಣಿಸಿ ಪ್ರೋಬನ್ನು ಮಾಡಿಕೊಳ್ಳುವ ಸಾಹಸವೂ ಇಂಥದೇ. ಕಾಲು ವಾಟಿನ ಸಾಮಾನ್ಯ ರೋಧಕ ತನ್ನ ಎರಡು ತುದಿಗಳ ನಡುವೆ ಸುಮಾರು ೨೫೦ ವೋಲ್ಟುಗಳನ್ನಷ್ಟೇ ತಾಳುವಂತೆ ಮಾಡಿದ್ದು; ಅದರಾಚೆಗೆ ಅದು ಯಾವಾಗ ಕೈಕೊಡುವುದೋ ಹೇಳಲಾಗದು.

ಇನ್ನು ಎರಡು ಬಿಂದುಗಳಲ್ಲಿ ಯಾವುದೂ ಭೂಮಿಗೆ ಕೂಡದಿದ್ದರೆ? ಇಂಡಕ್ಷನ್ ಒಲೆ, ಮೊಬೈಲ್ ಚಾರ್ಜರಿನ ಒಳಭಾಗ, ಎಲ್.ಇ.ಡಿ. ದೀಪದ ಚಾಲಕ ಮಂಡಲ ಮೊದಲಾದುವೆಲ್ಲ ಈ ಜಾತಿಗೆ ಸೇರಿದುವು. ಇವಕ್ಕೆ ಡಿಫರೆನ್ಷಿಯಲ್ ಪ್ರೋಬು ಬೇಕು. ಕನ್ನಡದಲ್ಲಿ ವ್ಯತ್ಯಾಸದ ಪ್ರೋಬು ಎನ್ನೋಣ. ಇದಕ್ಕೆ ಎರಡು ಮೊನೆಗಳು. ಎರಡರ ಹಿಂದೆಯೂ ಹಲವು ಮೆಗಾ ಓಮ್‌ಗಳ ರೋಧ. ಭೂಮಿಗೆ ಕಟ್ಟುವ ಕ್ಲಿಪ್ಪೇ ಇಲ್ಲ. ಎರಡು ಬಿಂದುಗಳ ವ್ಯತ್ಯಾಸವನ್ನು ಮಾತ್ರ ಅದು ಯಂತ್ರಕ್ಕೆ ಒಪ್ಪಿಸುತ್ತದೆ. ಕಾಲೇಜಿನ ಕೆಲಸಕ್ಕೆ ಒದಗುವ ಹಲವು ಮಾದರಿಗಳು ಸಾವಿರ ವೋಲ್ಟುಗಳಿಗೂ ಮೀರಿ ತಾಳುತ್ತವೆ. ಆದರೆ ಎರಡು ಮಿತಿಗಳನ್ನು ಓದಬೇಕು: ಮೊನೆಗಳ ನಡುವಿನದು ಒಂದು, ಪ್ರತಿ ಮೊನೆಗೂ ಭೂಮಿಗೂ ನಡುವಿನದು ಇನ್ನೊಂದು. ಈ ಪ್ರೋಬಿನ ಸುರಕ್ಷಿತತೆ ಕೂಡ ಆಸಿಲೋಸ್ಕೋಪಿನ ಮೂರನೆಯ ಪಿನ್ನನ್ನೇ ನಂಬಿದೆ. ಇದು ದೊರೆಯದಿದ್ದರೆ ಎರಡು ಸಮಾನವಾದ, ಮಿತಿಗೆ ಒಳಪಟ್ಟ ಪ್ರೋಬುಗಳ ಮೊನೆಗಳನ್ನು ಎರಡು ಬಿಂದುಗಳಿಗೆ ಮುಟ್ಟಿಸಿ, ಕ್ಲಿಪ್ಪುಗಳನ್ನು ಮಂಡಲಕ್ಕೆ ಸೇರಿಸದೆ, ಒಂದರಿಂದ ಇನ್ನೊಂದನ್ನು ಕಳೆಯುವಂತೆ ಯಂತ್ರಕ್ಕೆ ಹೇಳಬಹುದು. ಸೂಕ್ಷ್ಮವಾದ ಅಳತೆಗೆ ಅದು ಸಾಲದು. ಪ್ರಾಣಕ್ಕೆ ಮಾತ್ರ ಗರಗಸಕ್ಕಿಂತ ಎಷ್ಟೋ ಮೇಲು. ಪ್ರತ್ಯೇಕಿಸಿದ ಪ್ರವೇಶಗಳುಳ್ಳ, ಬ್ಯಾಟರಿಯಿಂದ ನಡೆಯುವ ಕೈ ಆಸಿಲೋಸ್ಕೋಪುಗಳೂ ಇದಕ್ಕೆಂದೇ ಇವೆ.

ಪ್ರೋಬು ಸರಿಯಾಗಿದ್ದರೂ ಕೈ ಸರಿಯಾಗಿರಬೇಕು. ಮೊದಲು ಯಂತ್ರದ ಕಡೆಯ ಸಂಪರ್ಕ, ಬಳಿಕ ಮಂಡಲದ ಕಡೆಯದು; ಬಿಚ್ಚುವಾಗ ಇದರ ವಿಲೋಮ. ಸಾಧ್ಯವಾದ ಕಡೆಯಲ್ಲೆಲ್ಲ ವಿದ್ಯುತ್ತನ್ನು ಕಡಿದು ಪ್ರೋಬನ್ನು ಸಿಕ್ಕಿಸಿ, ಕೈ ತೆಗೆದು, ಅನಂತರ ವಿದ್ಯುತ್ತು ಕೊಡಬೇಕು. ವಿದ್ಯುತ್ತು ಹೋದ ಮೇಲೂ ಧಾರಕಗಳಲ್ಲಿ ಆವೇಶ ಉಳಿದಿರುತ್ತದೆ. ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆಯಂಥ ಕಡೆ ೨೨೦ ಮೈಕ್ರೋಫ್ಯಾರಡಿನ ಧಾರಕ ೩೨೫ ವೋಲ್ಟಿನಲ್ಲಿ ಸುಮಾರು ೧೧.೬ ಜೂಲ್ ಶಕ್ತಿಯನ್ನು ಹಿಡಿದಿರುತ್ತದೆ. ಒಂದು ಕಿಲೋಗ್ರಾಂ ಕಲ್ಲು ೧.೨ ಮೀಟರ್ ಎತ್ತರದಿಂದ ಬಿದ್ದಾಗಿನ ಪೆಟ್ಟು ಅದು. ಸ್ಕ್ರೂಡ್ರೈವರಿನಿಂದ ಸಿಡಿಸದೆ, ತಕ್ಕ ರೋಧಕದ ಮೂಲಕ ಅದನ್ನು ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸಬೇಕು. ಪ್ರೋಬಿನ ಹಿಡಿಯ ಮೇಲಿನ ಅಂಚನ್ನು ದಾಟಿ ಬೆರಳು ಮುಂದಕ್ಕೆ ಹೋಗಬಾರದು. ಸೀಳಿದ ಕವಚದ ಪ್ರೋಬನ್ನು ಟೇಪು ಸುತ್ತಿ ಬಳಸದೆ ಎಸೆಯಬೇಕು. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈಹಾಕಬಾರದು. ಮೈಕ್ರೋವೇವ್ ಒಲೆಯನ್ನಂತೂ ಕುತೂಹಲಕ್ಕಾಗಿ ತೆರೆಯಲೇಬೇಡಿ. ಅದರೊಳಗಿನ ಕೆಲವು ಸಾವಿರ ವೋಲ್ಟುಗಳ ಹಿಂದೆ ಕೊಲ್ಲುವಷ್ಟು ಪ್ರವಾಹವೂ ಇದೆ.

ಕೊನೆಯದಾಗಿ ಹಣದ ಮಾತು. ವ್ಯತ್ಯಾಸದ ಒಂದು ಒಳ್ಳೆಯ ಪ್ರೋಬಿನ ಬೆಲೆ ವಿದ್ಯಾರ್ಥಿಗಳ ಸಾಧಾರಣ ಆಸಿಲೋಸ್ಕೋಪಿನ ಬೆಲೆಗೆ ಸಾಟಿಯಾಗುವುದುಂಟು, ಮೀರುವುದೂ ಉಂಟು. ಮೂಗಿಗಿಂತ ಮೂಗುತಿ ಭಾರ ಎಂದು ಕೊಳ್ಳುವ ಸಮಿತಿಯವರು ಗೊಣಗುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದರೂ ನನ್ನ ಸಲಹೆ ಇಷ್ಟೆ: ಹತ್ತು ಆಸಿಲೋಸ್ಕೋಪುಗಳ ಬದಲು ಎಂಟನ್ನು ಕೊಂಡು, ಉಳಿದ ಹಣದಲ್ಲಿ ಇಂಥ ಪ್ರೋಬುಗಳನ್ನು ಕೊಳ್ಳಲಿ. ಮೂವರು ವಿದ್ಯಾರ್ಥಿಗಳು ಒಂದು ಯಂತ್ರವನ್ನು ಹಂಚಿಕೊಳ್ಳುವುದರಿಂದ ಯಾರ ವಿದ್ಯೆಯೂ ಹಾಳಾಗದು. ಪ್ರತಿ ಸತ್ರದ ಮೊದಲ ದಿನ ಪ್ಲಗ್ಗುಗಳ ಮೂರನೆಯ ಪಿನ್ನನ್ನೂ ಗೋಡೆಯ ಭೂಸಂಪರ್ಕವನ್ನೂ ಪರೀಕ್ಷಿಸಲಿ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಲೆಯ ಚಿತ್ರವನ್ನು ಬರೆಯಿಸುವ ಮೊದಲು, “ಈ ಕ್ಲಿಪ್ಪನ್ನು ಇಲ್ಲಿ ಕಚ್ಚಿಸಬಹುದೆ? ಏಕೆ?” ಎಂದು ಒಂದು ಪ್ರಶ್ನೆಯನ್ನು ಕೇಳಲಿ. ಉತ್ತರ ಬಾರದವರಿಗೆ ಅಂದು ವಿದ್ಯುತ್ತನ್ನು ಕೊಡದಿರಲಿ.

ನಾನು ಮೊದಲು ಹೇಳಿದ ಪ್ರಯೋಗಶಾಲೆಯ ವಿದ್ಯಾರ್ಥಿ ದಡ್ಡನೇನೂ ಆಗಿರಲಿಲ್ಲ. ಕಾಗದವನ್ನು ತೆಗೆದು ಸೇತುವೆಯ ಚಿತ್ರವನ್ನು ಬರೆದು, ಫೇಸ್ ಋಣವಾದಾಗ ಪ್ರವಾಹ ಯಾವ ದಾರಿಯಲ್ಲಿ ಹೋಗುವುದೆಂದು ಬೆರಳಿನಿಂದ ಗುರುತಿಸು ಎಂದೆ. ಬೆರಳು ಡಯೋಡಿನಿಂದ ಕ್ಲಿಪ್ಪಿಗೆ, ಕ್ಲಿಪ್ಪಿನಿಂದ ಚೌಕಟ್ಟಿಗೆ ಬಂದು ಅಲ್ಲಿಯೇ ನಿಂತಿತು. ಅವನ ಇನ್ನೊಂದು ಕೈ ಆ ಹೊತ್ತಿನಲ್ಲಿ ಪ್ರೋಬು ಸಿಕ್ಕಿಸುವ ಲೋಹದ ಬಳೆಯ ಮೇಲಿತ್ತು. ಯಂತ್ರಕ್ಕೆ ಆಗ ವಿದ್ಯುತ್ತಿರಲಿಲ್ಲ. ಆದರೂ ಅವನು ಕೈಯನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡ. ಅಷ್ಟು ತಿಳಿವಳಿಕೆ ಪ್ರತಿಯೊಬ್ಬ ವಿದ್ಯಾರ್ಥಿಗೂ ವಿದ್ಯುತ್ತು ಹರಿಯುವ ಮೊದಲೇ ಬರಬೇಕು.